ಮಳೆ ಪುಸ್ತಕದ ಷರಾ

ಫೆಂಗಲ್ ಚಂಡಮಾರುತ 2024ರ ನವೆಂಬರ್ 30ರ ರಾತ್ರಿ ಪುದುಚೇರಿಯ ಹತ್ತಿರ ದಡ ಮುಟ್ಟಿತು. ಅಲ್ಲಿಂದ ಚಿಕ್ಕಮಗಳೂರಿಗೆ ನೇರವಾಗಿ ಅಳೆದರೂ ಸುಮಾರು ನಾನೂರೈವತ್ತು ಕಿಲೋಮೀಟರ್ ಆಗುತ್ತದೆ. ಟಿ.ವಿ. ಪರದೆಯ ಮೇಲೆ ಸುಳಿ ತಿರುಗುತ್ತಿದ್ದಾಗ ಅದು ಬೇರೆ ರಾಜ್ಯದ ಸುದ್ದಿಯಾಗಿಯೇ ಕಂಡಿತ್ತು. ಆದರೆ ಬಲ ಕಳೆದುಕೊಂಡ ಸುಳಿ ತಮಿಳುನಾಡಿನ ಒಳಭಾಗ ದಾಟಿ ಪಶ್ಚಿಮಕ್ಕೆ ಸರಿಯಿತು. ಡಿಸೆಂಬರ್ 3ರ ಹೊತ್ತಿಗೆ ಉತ್ತರ ಕೇರಳ ಮತ್ತು ಕರ್ನಾಟಕದ ಕರಾವಳಿಯಾಚೆ ಅರಬ್ಬೀ ಸಮುದ್ರಕ್ಕೆ ಇಳಿಯಿತು. ಈ ಪಯಣದಲ್ಲಿ ಅದು ದಕ್ಷಿಣ ಒಳನಾಡನ್ನೂ ಮಲೆನಾಡನ್ನೂ ತೋಯಿಸಿತು. ಅದು ಅರೇಬಿಕಾ ಕೊಯ್ಲಿನ ಕಾಲ. ಗಿಡದಲ್ಲಿ ಹಣ್ಣಾಗಿದ್ದ ಕಾಫಿ ಬಿರಿದು ಉದುರಿತು, ಕಣದಲ್ಲಿ ಹರಡಿದ್ದುದು ಟಾರ್ಪಾಲಿನ ಅಡಿಯಲ್ಲಿ ಬೆವರತೊಡಗಿತು. ಬಿಸಿಲಿಗೆಂದು ಟಾರ್ಪಾಲು ತೆಗೆದರೆ ಹನಿ, ಮುಚ್ಚಿದರೆ ಬೂಷ್ಟು.

ಇಂಥ ಮಳೆ ನಿಂತ ಮಾರನೆಯ ಬೆಳಿಗ್ಗೆ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಒಂದು ಮಾತುಕತೆ ಶುರುವಾಗುತ್ತದೆ. "ನಮ್ಮಲ್ಲಿ ಒಂದು ಇಂಚು ಎಂಬತ್ತು, ನಿಮ್ಮ ಕಡೆ ಎಷ್ಟು?" ಎಂದು ಮೂಡಿಗೆರೆಯವರು ಕೇಳಿದರೆ ಆಲ್ದೂರಿನವರು ಉತ್ತರಿಸುತ್ತಾರೆ, ಸಕಲೇಶಪುರದವರು ತಮ್ಮ ಲೆಕ್ಕ ಸೇರಿಸುತ್ತಾರೆ. ಕಡೂರು, ಅರಸೀಕೆರೆಯ ಕಡೆಯವರು ಕೆರೆಗೆ ನೀರು ಬಂತೋ ಇಲ್ಲವೋ ಎಂಬುದನ್ನು ಹೇಳುತ್ತಾರೆ. ಯಾವ ಹೊತ್ತಿಗೆ ಗಾಳಿ ತಿರುಗಿತು, ಎಲ್ಲಿ ಧರೆ ಕುಸಿಯಿತು, ಯಾವ ಹಳ್ಳ ಸೇತುವೆಯ ಮೇಲೆ ಹರಿಯಿತು ಎಂಬುದೆಲ್ಲ ಒಂದು ದಿನ ಪೂರ್ತಿ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತದೆ. ಎರಡು ದಿನ ಬಿಸಿಲು ಬಿದ್ದರೆ ಎಲ್ಲರೂ ಕೆಲಸಕ್ಕೆ ಮರಳುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ.

ಆ ಒಂದು ದಿನದ ಮಾತುಕತೆ ಈ ಎರಡು ಜಿಲ್ಲೆಗಳಿಗೆ ಸಿಗಬಹುದಾದ ಅತ್ಯಂತ ಸೂಕ್ಷ್ಮವಾದ ಹವಾಮಾನ ದಾಖಲೆ ಎಂದು ನಾನು ನಂಬಿದ್ದೇನೆ. ಅದನ್ನು ಹಿಡಿದಿಡುವ ವ್ಯವಸ್ಥೆ ನಮ್ಮಲ್ಲಿಲ್ಲ ಎಂಬುದೇ ನನ್ನ ಚಿಂತೆ.

ಇಲ್ಲಿಯ ನೆಲದಲ್ಲಿ ಒಂದೂರಿನ ಮಳೆ ಇನ್ನೊಂದೂರಿನ ಮಳೆಯಲ್ಲ. ಶೃಂಗೇರಿ, ಕೊಪ್ಪದ ಸೀಮೆಯಲ್ಲಿ ವರ್ಷದ ಮಳೆ ಮೂರು ಸಾವಿರ ಮಿಲಿಮೀಟರ್ ಮೀರುತ್ತದೆ. ಅದೇ ಜಿಲ್ಲೆಯ ಕಡೂರಿನಲ್ಲಿ ಆರುನೂರರ ಆಸುಪಾಸು ಬಿದ್ದರೆ ಒಳ್ಳೆಯ ವರ್ಷ. ಹಾಸನದಲ್ಲೂ ಹೀಗೆಯೇ: ಬಿಸಿಲೆ ಘಟ್ಟದ ಅಂಚಿಗೂ ಅರಸೀಕೆರೆಯ ತೆಂಗಿನ ತೋಟಕ್ಕೂ ನಡುವೆ ಅರ್ಧ ದಿನದ ಬಸ್ ಪ್ರಯಾಣ, ಆದರೆ ಮಳೆಯ ಲೆಕ್ಕದಲ್ಲಿ ಎರಡು ಬೇರೆ ನಾಡುಗಳು. ಚಿಕ್ಕಮಗಳೂರು ಪಟ್ಟಣ ಸಮುದ್ರಮಟ್ಟದಿಂದ ಸಾವಿರ ಮೀಟರಿಗಿಂತ ಸ್ವಲ್ಪ ಮೇಲಿದೆ. ಪಕ್ಕದಲ್ಲೇ ಮುಳ್ಳಯ್ಯನಗಿರಿ 1930 ಮೀಟರ್ ಎತ್ತರಕ್ಕೆ ಎದ್ದು ನಿಂತಿದೆ. ತೇವ ತುಂಬಿದ ಗಾಳಿ ಗುಡ್ಡಕ್ಕೆ ಅಡ್ಡ ಸಿಕ್ಕಾಗ ಮೇಲೇರುತ್ತದೆ, ತಣ್ಣಗಾಗುತ್ತದೆ, ಹೊತ್ತು ತಂದ ನೀರನ್ನು ಅಲ್ಲೇ ಸುರಿಯುತ್ತದೆ. ಗುಡ್ಡ ದಾಟಿ ಇಳಿಯುವಾಗ ಅದರಲ್ಲಿ ಸುರಿಯಲು ಹೆಚ್ಚೇನೂ ಉಳಿದಿರುವುದಿಲ್ಲ.

ಹಾಗಾಗಿ ಗಾಳಿ ಯಾವ ದಿಕ್ಕಿನಿಂದ ಬಂತು ಎಂಬುದು ಮುಖ್ಯವಾಗುತ್ತದೆ. 2021ರ ಮೇ ತಿಂಗಳಿನಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಉತ್ತರಕ್ಕೆ ಸಾಗಿ ಮೇ 17ರ ರಾತ್ರಿ ಗುಜರಾತ್ ತೀರ ಸೇರಿತು. ಅರಬ್ಬೀ ಸಮುದ್ರದ ಇಂಥ ಸುಳಿ ಪಶ್ಚಿಮದ ಗಾಳಿಯನ್ನು ಘಟ್ಟಕ್ಕೆ ನೂಕುತ್ತದೆ. ಚಾರ್ಮಾಡಿ, ಶಿರಾಡಿ, ಕುದುರೆಮುಖದ ಮಗ್ಗುಲು ತೋಯುತ್ತದೆ, ಬಯಲುಸೀಮೆಗೆ ಮೋಡ ಮಾತ್ರ ಕಾಣುತ್ತದೆ. ಬಂಗಾಳ ಕೊಲ್ಲಿಯ ಸುಳಿಯದು ಇದಕ್ಕೆ ವಿರುದ್ಧ. ಗಾಳಿ ಮೂಡಣದಿಂದ ಬರುವುದರಿಂದ ಜೂನ್, ಜುಲೈಯಲ್ಲಿ ಗುಡ್ಡದ ಮರೆಯಲ್ಲಿ ಉಳಿಯುವ ಪೂರ್ವದ ಇಳಿಜಾರುಗಳು ಆಗ ಗಾಳಿಗೆ ಎದೆಯೊಡ್ಡುತ್ತವೆ. ಮುಂಗಾರಿನಲ್ಲಿ ಕಡಿಮೆ ಮಳೆಯ ತೋಟ ಎನಿಸಿಕೊಂಡದ್ದು ಡಿಸೆಂಬರಿನಲ್ಲಿ ಪಕ್ಕದ ತೋಟಕ್ಕಿಂತ ಹೆಚ್ಚು ನೆನೆಯುವುದು ಇದರಿಂದಲೇ. ತಲೆಮಾರುಗಳಿಂದ ಇಲ್ಲಿರುವವರಿಗೆ ಇದು ಅನುಭವದಿಂದ ಗೊತ್ತು. ಆದರೆ ಯಾವ ಭೂಪಟದಲ್ಲೂ ಅಷ್ಟು ವಿವರವಾಗಿ ಬರೆದಿಲ್ಲ.

ಸರ್ಕಾರದ ಜಾಲ ಇಲ್ಲವೆಂದಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇಟ್ಟಿದೆ, ಹೋಬಳಿಗೊಂದರಂತೆ ಹವಾಮಾನ ಮಾಪನ ಕೇಂದ್ರಗಳಿವೆ. ದೇಶದ ಬೇರೆ ರಾಜ್ಯಗಳ ಜೊತೆ ಹೋಲಿಸಿದರೆ ಇದು ಹೆಮ್ಮೆಪಡಬೇಕಾದ ಕೆಲಸ. ಹಾಗಿದ್ದರೂ ಮಲೆನಾಡಿನ ಒಂದು ಪಂಚಾಯಿತಿಯೆಂದರೆ ನಾಲ್ಕಾರು ಗುಡ್ಡ, ಅಷ್ಟೇ ಕಣಿವೆ. ಪಂಚಾಯಿತಿ ಕಚೇರಿ ಇರುವುದು ಸಾಮಾನ್ಯವಾಗಿ ರಸ್ತೆ ಪಕ್ಕದ ಊರಿನಲ್ಲಿ. ಹಳ್ಳ ಹುಟ್ಟುವ ಗುಡ್ಡದ ನೆತ್ತಿಯಲ್ಲಲ್ಲ. ರೇಡಾರಿಗೂ ಇಲ್ಲಿ ತೊಡಕಿದೆ. ಭೂಮಿ ಗುಂಡಗಿರುವುದರಿಂದ ರೇಡಾರಿನ ಕಿರಣ ದೂರ ಹೋದಂತೆ ನೆಲದಿಂದ ಮೇಲೇರುತ್ತದೆ. ಇನ್ನೂರು ಕಿಲೋಮೀಟರ್ ಆಚೆಗೆ ಅದು ನೋಡುವುದು ಸುಮಾರು ನಾಲ್ಕು ಕಿಲೋಮೀಟರ್ ಎತ್ತರದ ಮೋಡವನ್ನು, ಅಂದರೆ ಮುಳ್ಳಯ್ಯನಗಿರಿಯ ಎರಡರಷ್ಟು ಎತ್ತರದಲ್ಲಿ. ಘಟ್ಟದ ಜಡಿಮಳೆಯ ಬಹುಪಾಲು ಅದಕ್ಕಿಂತ ಕೆಳಗಿನ ಮೋಡದಲ್ಲಿ ಹುಟ್ಟುತ್ತದೆ. ಮುನ್ಸೂಚನೆಯ ಮಾದರಿಗಳ ಮಟ್ಟಿಗೂ ಇದೇ ಮಾತು: 2025ರ ಮೇ ತಿಂಗಳಿನಲ್ಲಿ ಬಳಕೆಗೆ ಬಂದ ಭಾರತ್ ಮುನ್ಸೂಚನಾ ವ್ಯವಸ್ಥೆ ನೆಲವನ್ನು ಆರು ಕಿಲೋಮೀಟರಿನ ಚೌಕಗಳಾಗಿ ನೋಡುತ್ತದೆ. ಹಿಂದಿನ ಹನ್ನೆರಡು ಕಿಲೋಮೀಟರಿಗೆ ಇದು ದೊಡ್ಡ ಸುಧಾರಣೆ. ಆದರೂ ನಮ್ಮಲ್ಲಿ ಆರು ಕಿಲೋಮೀಟರಿನೊಳಗೆ ಕಣಿವೆಯೂ ಶಿಖರವೂ ಬಂದುಹೋಗುತ್ತವೆ.

ಹೀಗೆ ಉಳಿಯುವ ಸಂದನ್ನು ತುಂಬಬಲ್ಲವರು ತಮ್ಮ ಮನೆಯಂಗಳದಲ್ಲಿ ಮಳೆ ಅಳೆಯುವವರು ಮಾತ್ರ. ಕಾಫಿ ಸೀಮೆಗೆ ಈ ಅಭ್ಯಾಸ ಹೊಸದಲ್ಲ. ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಶುರುವಾದದ್ದು 1925ರಲ್ಲಿ. ತೋಟಗಳಲ್ಲಿ ಮಳೆ ಬರೆದಿಡುವ ರೂಢಿಯೂ ಹಳೆಯದೇ. ಹೂ ಅರಳಿಸುವ ಹೂಮಳೆ ಎಷ್ಟು ಬಿತ್ತು, ಅದಾದ ಎಷ್ಟು ದಿನಕ್ಕೆ ಕಾಯಿಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಬಂತು ಎಂಬುದರ ಮೇಲೆ ಇಡೀ ವರ್ಷದ ಫಸಲು ನಿಂತಿರುವಾಗ ಬರೆಯದೆ ವಿಧಿಯಿಲ್ಲ.

ಮೂಡಿಗೆರೆ ತಾಲ್ಲೂಕಿನ ಒಂದು ತೋಟದ ಕಚೇರಿಯಲ್ಲಿ ಇಂಥದೊಂದು ಪುಸ್ತಕವನ್ನು ಬಹಳ ಹೊತ್ತು ನೋಡುತ್ತ ಕೂತಿದ್ದೇನೆ. ಉದ್ದನೆಯ ರಿಜಿಸ್ಟರು, ಬಟ್ಟೆಯ ಬೆನ್ನು, ಮೂಲೆಗಳಲ್ಲಿ ಬೆರಳಿನ ಕಂದು ಗುರುತು. ಪುಟಕ್ಕೆ ನಾಲ್ಕು ಕಾಲಂ: ದಿನಾಂಕ, ಮಳೆ, ಈವರೆಗಿನ ಒಟ್ಟು, ಷರಾ. ಅಂಕಿಗಳು ಇಂಚು ಮತ್ತು ಅದರ ನೂರನೇ ಒಂದು ಭಾಗವಾದ ಸೆಂಟಿನಲ್ಲಿ. ಷರಾ ಕಾಲಂ ಬಹುತೇಕ ಖಾಲಿ. ತುಂಬಿರುವ ಕಡೆ, ತೋಟದ ಲೆಕ್ಕ ಬರೆಯುವ ರೈಟರ ಕೈಬರಹ ಚಿಕ್ಕದಾಗಿ, ಒತ್ತೊತ್ತಾಗಿ ಇದೆ: "ಸಂಜೆ ಐದರಿಂದ ಬಡಗಣ ಗಾಳಿ. ಹಳ್ಳದ ಬ್ಲಾಕಿನಲ್ಲಿ ಎರಡು ಓಕ್ ಬುಡಸಮೇತ." ಇನ್ನೊಂದು ಕಡೆ: "ಮಾಪಕದ ಬಾಯಿಗೆ ಎಲೆ ಸಿಕ್ಕಿತ್ತು, ಅಳತೆ ಕಡಿಮೆ ಇರಬಹುದು." ಮಳೆಯ ಅಂಕಿ ಯಂತ್ರದಿಂದಲೂ ಸಿಕ್ಕೀತು. ಈ ಷರಾ ಬರೆಯುವುದಕ್ಕೆ ಅಲ್ಲೇ ನಿಂತು ನೋಡಿದ ಮನುಷ್ಯನೇ ಬೇಕು. ಬಿರುಗಾಳಿ ಹೋದ ಮರುದಿನ ಜನ ಹಂಚಿಕೊಳ್ಳುವುದರಲ್ಲಿ ಬೆಲೆಬಾಳುವ ಭಾಗವೂ ಇದೇ.

ಆದರೆ ಅಂಕಿಯೇ ಅಡ್ಡಾದಿಡ್ಡಿಯಾಗಿದ್ದರೆ ಷರಾಕ್ಕೂ ಆಧಾರವಿರುವುದಿಲ್ಲ. ಈಗ ಹಂಚಿಕೆಯಾಗುವ ಅಳತೆಗಳಲ್ಲಿ ಮೂರು ಗೊಂದಲಗಳು ಪದೇ ಪದೇ ಕಾಣುತ್ತವೆ, ಮೂರೂ ಸುಲಭವಾಗಿ ಸರಿಹೋಗುವಂಥವು. ಮೊದಲನೆಯದು ದಿನಾಂಕದ್ದು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನ ಎಂದರೆ ಬೆಳಿಗ್ಗೆ ಎಂಟೂವರೆಯಿಂದ ಮರುದಿನ ಎಂಟೂವರೆ. ಡಿಸೆಂಬರ್ 3ರ ಬೆಳಿಗ್ಗೆ ಅಳೆದದ್ದನ್ನು ಡಿಸೆಂಬರ್ 3ರ ಮಳೆ ಎಂದೇ ಬರೆಯುತ್ತಾರೆ, ಅದರ ಬಹುಪಾಲು 2ರ ಮಧ್ಯಾಹ್ನವೋ ರಾತ್ರಿಯೋ ಸುರಿದಿದ್ದರೂ. ತೋಟದಲ್ಲಿ ಕೆಲವರು ಏಳಕ್ಕೆ ಅಳೆಯುತ್ತಾರೆ, ಕೆಲವರು ಆಳುಗಳಿಗೆ ಕೆಲಸ ಹಂಚಿದ ಮೇಲೆ ಒಂಬತ್ತಕ್ಕೆ ಅಳೆಯುತ್ತಾರೆ. ಕೆಲವರು ಅದನ್ನು ಹಿಂದಿನ ದಿನದ ಖಾತೆಗೆ ಹಾಕುತ್ತಾರೆ. "ನಿನ್ನೆ ನಾಲ್ಕು ಇಂಚು" ಎಂಬ ಎರಡು ಸಂದೇಶಗಳು ಎರಡು ಬೇರೆ ದಿನಗಳ ಮಳೆಯನ್ನು ಹೇಳುತ್ತಿರಬಹುದು. ಅಳೆದ ಗಂಟೆಯನ್ನು ಪಕ್ಕದಲ್ಲಿ ಬರೆದರೆ ಈ ತೊಂದರೆ ಇಲ್ಲವಾಗುತ್ತದೆ.

ಎರಡನೆಯದು ಅಳತೆಯ ಮಾನ. ಬೆಳೆಗಾರರ ಲೆಕ್ಕ ಇಂಚು, ಸೆಂಟಿನಲ್ಲಿ. ನೂರು ಸೆಂಟ್ ಸೇರಿದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಪತ್ರಿಕೆಗಳಲ್ಲಿ ಬರುವುದು ಸೆಂಟಿಮೀಟರ್. ಉಸ್ತುವಾರಿ ಕೇಂದ್ರದ್ದು ಮಿಲಿಮೀಟರ್. "ಐವತ್ತು ಸೆಂ." ಎಂದು ಅವಸರದಲ್ಲಿ ಬರೆದ ಸಂದೇಶ ಐವತ್ತು ಸೆಂಟ್ ಆದರೆ ಅರ್ಧ ಇಂಚಿನ ಮಳೆ, ಐವತ್ತು ಸೆಂಟಿಮೀಟರ್ ಆದರೆ ಇಪ್ಪತ್ತು ಇಂಚಿಗೆ ಹತ್ತಿರ. ಫೆಂಗಲ್ ಬಂದಾಗ ತಮಿಳುನಾಡಿನ ವಿಲ್ಲುಪುರಂ ಜಿಲ್ಲೆಯ ಮೈಲಂನಲ್ಲಿ ಒಂದೇ ದಿನ ಸುಮಾರು ಐವತ್ತು ಸೆಂಟಿಮೀಟರ್ ಸುರಿದು ಊರುಗಳು ಮುಳುಗಿದವು. ಅಂಥ ಅಂಕಿಯನ್ನೂ ಇಲ್ಲಿಯ ಸೋನೆಮಳೆಯನ್ನೂ ಓದುವವರು ಒಂದೇ ಎಂದುಕೊಂಡರೆ ಗಾಬರಿಗೆ ಬೇರೆ ಕಾರಣ ಬೇಕಿಲ್ಲ. ಇಲಾಖೆಯ ವರ್ಗೀಕರಣವನ್ನು ಗೊತ್ತುಮಾಡಿಕೊಂಡಿರುವುದೂ ಒಳ್ಳೆಯದು: ಇಪ್ಪತ್ತನಾಲ್ಕು ಗಂಟೆಯಲ್ಲಿ 64.5 ಮಿಲಿಮೀಟರಿನಿಂದ ಭಾರಿ ಮಳೆ, 115.6ರಿಂದ ಅತಿ ಭಾರಿ, 204.5 ದಾಟಿದರೆ ಅತ್ಯಂತ ಭಾರಿ. ಬೆಳೆಗಾರರ ಮಾನದಲ್ಲಿ ಹೇಳುವುದಾದರೆ ಎರಡೂವರೆ ಇಂಚು, ನಾಲ್ಕೂವರೆ ಇಂಚು, ಎಂಟು ಇಂಚಿನ ಹತ್ತಿರ ಒಂದೊಂದು ಗೆರೆ.

ಮೂರನೆಯದು ಮಾಪಕವನ್ನು ಇಟ್ಟ ಜಾಗ. ಮಾಪಕದ ಬಾಯಿ ನೆಲದಿಂದ ಮೂವತ್ತು ಸೆಂಟಿಮೀಟರ್ ಎತ್ತರದಲ್ಲಿರಬೇಕು. ಪಕ್ಕದ ಮರವೋ ಗೋಡೆಯೋ ಎಷ್ಟು ಎತ್ತರವಿದೆಯೋ ಕನಿಷ್ಠ ಅದರ ಎರಡರಷ್ಟು ದೂರದಲ್ಲಿ ಮಾಪಕವಿರಬೇಕು. ತಾರಸಿಯ ಮೇಲಿಟ್ಟರೆ ಗಾಳಿ ಹನಿಗಳನ್ನು ಬಾಯಿಯಾಚೆಗೆ ಹಾರಿಸುತ್ತದೆ, ಬಿರುಗಾಳಿಯ ದಿನವೇ ಅಳತೆ ಹೆಚ್ಚು ತಪ್ಪುತ್ತದೆ. ಮರದ ನೆರಳಿನಲ್ಲಿಟ್ಟರೆ ಮಳೆ ನಿಂತ ಮೇಲೂ ಎಲೆಯಿಂದ ತೊಟ್ಟಿಕ್ಕುವ ನೀರು ಸೇರುತ್ತದೆ. ಇನ್ನೊಂದು ಸೂಕ್ಷ್ಮ ಅನೇಕರಿಗೆ ಹೊಳೆಯುವುದೇ ಇಲ್ಲ. ಮಾಪಕದಲ್ಲಿ ಸೇರಿದ ನೀರನ್ನು ಸುರಿದು ಓದುವ ಅಳತೆಯ ಗಾಜಿನ ಮೇಲಿನ ಗೆರೆಗಳು ಆ ಮಾಪಕದ ಬಾಯಿಯ ಅಗಲಕ್ಕೆಂದೇ ಕೊರೆದವು. ಗಾಜು ಒಡೆದಾಗ ಬೇರೆ ಅಗಲದ ಮಾಪಕದ ಗಾಜು ತಂದಿಟ್ಟರೆ ಅಂದಿನಿಂದ ಪುಸ್ತಕದ ಪ್ರತಿಯೊಂದು ಅಂಕಿಯೂ ತಪ್ಪು. ಓದುವಾಗ ಗಾಜನ್ನು ಕಣ್ಣಿನ ಮಟ್ಟಕ್ಕೆ ತಂದು, ಅಂಚಿನಲ್ಲಿ ಏರಿರುವ ನೀರನ್ನು ಬಿಟ್ಟು ನಡುವಿನ ತಗ್ಗನ್ನು ನೋಡಬೇಕು. ಜೋರು ಮಳೆಯ ದಿನ ಗಾಜು ಹಲವು ಬಾರಿ ತುಂಬುತ್ತದೆ. ಪ್ರತಿ ಸಲವೂ ಚೆಲ್ಲುವ ಮೊದಲು ಬರೆದುಕೊಳ್ಳದಿದ್ದರೆ ಎಷ್ಟು ಗಾಜು ಆಯಿತೆಂಬುದೇ ಮರೆತುಹೋಗುತ್ತದೆ. ಮಾಪಕ ಕೊಳ್ಳಲಾಗದವರು ಮೇಲಿಂದ ಕೆಳಗಿನವರೆಗೆ ಒಂದೇ ಅಗಲವಿರುವ, ತಳ ಚಪ್ಪಟೆಯಾದ ಡಬ್ಬಿಯನ್ನು ಬಯಲಲ್ಲಿಟ್ಟು ಅಡಿಪಟ್ಟಿಯಿಂದ ಅಳೆದರೂ ತಕ್ಕಮಟ್ಟಿಗೆ ಸರಿಯಾದ ಲೆಕ್ಕ ಸಿಗುತ್ತದೆ.

ಇಷ್ಟು ಕಾಳಜಿ ಅತಿಯಾಯಿತೆನ್ನುವವರು ಒಂದು ಲೆಕ್ಕ ಹಾಕಿ ನೋಡಬೇಕು. ಒಂದು ಎಕರೆಯ ಮೇಲೆ ಒಂದು ಇಂಚು ಮಳೆ ಎಂದರೆ ಒಂದು ಲಕ್ಷ ಲೀಟರಿಗಿಂತ ಹೆಚ್ಚು ನೀರು. ಗುಡ್ಡದ ಇಳಿಜಾರಿನ ಹತ್ತು ಎಕರೆಯಲ್ಲಿ ಅರ್ಧ ಇಂಚು ಹೆಚ್ಚುಕಡಿಮೆಯಾದರೆ ಕೆಳಗಿನ ಮೋರಿ ತಡೆಯುತ್ತದೋ ಕೊಚ್ಚಿಹೋಗುತ್ತದೋ ಎಂಬುದೇ ಬದಲಾಗಬಹುದು.

ಗಾಳಿಯ ಬಗ್ಗೆ ಬರುವ ಮಾತುಗಳನ್ನು ಹೆಚ್ಚು ಎಚ್ಚರದಿಂದ ಓದಬೇಕು. ಮಾಪಕವಿಲ್ಲದೆ "ನೂರು ಕಿಲೋಮೀಟರ್ ವೇಗದ ಗಾಳಿ" ಎಂದು ಬರೆಯುವುದರಿಂದ ಪ್ರಯೋಜನವಿಲ್ಲ. ಮರ ಬಿತ್ತೆಂಬುದು ಕೂಡ ವೇಗಕ್ಕೆ ಸಾಕ್ಷಿಯಾಗದು, ವಾರಗಟ್ಟಲೆ ನೆನೆದ ಮಣ್ಣಿನಲ್ಲಿ ಸಿಲ್ವರ್ ಓಕ್ ಸಾಧಾರಣ ಗಾಳಿಗೂ ಬುಡಸಮೇತ ಮಲಗುತ್ತದೆ. ಬುಡ ಕಿತ್ತಿತೋ ನಡುವೆ ಮುರಿಯಿತೋ, ಯಾವ ದಿಕ್ಕಿಗೆ ಬಿತ್ತು, ಒಂದೇ ಸಾಲಿನಲ್ಲಿ ಎಲ್ಲವೂ ಒಂದೇ ಕಡೆಗೆ ಮಲಗಿವೆಯೋ ಎಂಬುದನ್ನು ಬರೆದರೆ ಅದು ಮಾಹಿತಿ.

ಇದರಿಂದ ಯಾರಿಗೆ ಏನು ಸಿಗುತ್ತದೆ ಎಂಬ ಪ್ರಶ್ನೆಗೆ ಮಲೆನಾಡಿನ ಯಾವ ಅಡಿಕೆ ಬೆಳೆಗಾರರನ್ನು ಕೇಳಿದರೂ ಉತ್ತರ ಸಿಗುತ್ತದೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಅಡಿಕೆ, ಕಾಳುಮೆಣಸಿಗೆ ಪರಿಹಾರ ನಿರ್ಧಾರವಾಗುವುದು ಹವಾಮಾನ ಮಾಪಕದ ಅಂಕಿಯಿಂದ. ತೋಟದಲ್ಲಿ ಕೊಳೆ ರೋಗ ಬಂದು ಕಾಯಿ ಉದುರಿ ಬಿದ್ದಿದ್ದರೂ, ಪಂಚಾಯಿತಿಯ ಮಾಪಕ ಅಷ್ಟು ಮಳೆಯನ್ನು ತೋರಿಸದಿದ್ದರೆ ಕಾಗದದ ಮೇಲೆ ನಷ್ಟವೇ ಆಗಿಲ್ಲ. ಮಾಪಕ ಕೆಟ್ಟಿದ್ದರೆ, ಗೂಡು ಕಟ್ಟಿಕೊಂಡಿದ್ದರೆ, ಪೊದೆಯೊಳಗೆ ಮುಳುಗಿದ್ದರೆ ಪ್ರಶ್ನಿಸಲು ಬೆಳೆಗಾರನ ಕೈಯಲ್ಲಿ ಏನಿರುತ್ತದೆ? ಒಬ್ಬನ ಪುಸ್ತಕವನ್ನು ಯಾರೂ ಒಪ್ಪುವುದಿಲ್ಲ, ಒಪ್ಪಬೇಕೆಂದೂ ನಾನು ಹೇಳುವುದಿಲ್ಲ. ಆದರೆ ಒಂದೇ ಪಂಚಾಯಿತಿಯ ಎಂಟು ಹತ್ತು ತೋಟಗಳ ಪುಸ್ತಕಗಳು, ಒಂದೇ ಗಂಟೆಗೆ ಅಳೆದವು, ಒಂದನ್ನೊಂದು ಹೋಲುತ್ತಿದ್ದು ಸರ್ಕಾರಿ ಮಾಪಕ ಮಾತ್ರ ಬೇರೆ ಹೇಳುತ್ತಿದ್ದರೆ, ಅಲ್ಲಿಗೆ ಎಂಜಿನಿಯರನ್ನು ಕಳಿಸಿ ಪರಿಶೀಲಿಸುವುದು ಇಲಾಖೆಯ ಕರ್ತವ್ಯವಾಗುತ್ತದೆ. ಅಂಥ ಒತ್ತಡ ಹುಟ್ಟುವುದು ದೂರಿನಿಂದಲ್ಲ, ದಾಖಲೆಯಿಂದ.

ಪರಿಹಾರಕ್ಕಿಂತ ದೊಡ್ಡದು ಜೀವದ ಪ್ರಶ್ನೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಂಥ ಊರುಗಳಲ್ಲಿ ಗುಡ್ಡ ಜಾರಿ ಮನೆಗಳೇ ಹೋದವು. 2024ರ ಜುಲೈಯಲ್ಲಿ ಸಕಲೇಶಪುರದ ಕೆಳಗೆ ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ರೈಲು ಹಳಿಯಡಿಯ ಮಣ್ಣು ಕುಸಿದು ದಿನಗಟ್ಟಲೆ ಸಂಚಾರ ನಿಂತಿತು, ಶಿರಾಡಿಯ ಹೆದ್ದಾರಿಯೂ ಮತ್ತೆ ಮತ್ತೆ ಮುಚ್ಚಿತು. ಗುಡ್ಡ ಕುಸಿಯುವುದು ಆ ಒಂದು ಗಂಟೆಯ ಮಳೆಯಿಂದ ಮಾತ್ರವಲ್ಲ. ಹಿಂದಿನ ಹಲವು ದಿನಗಳಲ್ಲಿ ಮಣ್ಣು ಎಷ್ಟು ಕುಡಿದಿದೆ ಎಂಬುದು ಬಹಳ ಮಟ್ಟಿಗೆ ನಿರ್ಧರಿಸುತ್ತದೆ. ಆದ್ದರಿಂದ ಮಳೆ ತಗ್ಗಿತೆಂದು ಮಾತುಕತೆ ತಣ್ಣಗಾಗುವ ಹೊತ್ತು ಇಳಿಜಾರಿನ ಕೆಳಗಿರುವವರಿಗೆ ನಿರಾಳದ ಹೊತ್ತಲ್ಲ. ಮೂರು ದಿನಗಳ ಒಟ್ಟು ಎಷ್ಟು, ಬಾವಿಯ ನೀರು ಕೆಂಪಾಯಿತೇ, ಧರೆಯಲ್ಲಿ ಹೊಸ ಬಿರುಕಿದೆಯೇ, ಎಂದೂ ಇಲ್ಲದ ಕಡೆ ಒರತೆ ಎದ್ದಿದೆಯೇ ಎಂಬ ಸುದ್ದಿಗಳು ಆಗ ಬರಬೇಕು, ತಾಲ್ಲೂಕು ಆಡಳಿತಕ್ಕೂ ಮುಟ್ಟಬೇಕು.

ಇದು ಆಗದ ಮಾತಲ್ಲ, ಪಕ್ಕದಲ್ಲೇ ಆಗಿದೆ. ವಯನಾಡಿನ ಕಲ್ಪೆಟ್ಟದ ಹ್ಯೂಮ್ ಸೆಂಟರ್ ಜಿಲ್ಲೆಯ ಉದ್ದಗಲಕ್ಕೂ ಜನರೇ ಓದುವ ಮಳೆಮಾಪಕಗಳ ಜಾಲವನ್ನು ಕಟ್ಟಿ ದಿನವೂ ಅಂಕಿ ಕೂಡಿಸುತ್ತಿದೆ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲದ ಮೇಲೆ ಗುಡ್ಡ ಜಾರುವ ಹಿಂದಿನ ದಿನವೇ, ಪುತ್ತುಮಲದ ಮಾಪಕದ ಅಂಕಿ ನೋಡಿ ಆ ಸಂಸ್ಥೆ ಜಿಲ್ಲಾಡಳಿತಕ್ಕೆ ಅಪಾಯದ ಸೂಚನೆ ಕೊಟ್ಟಿತ್ತು. ಸೂಚನೆ ಕೊಟ್ಟರೂ ಊರು ಉಳಿಯಲಿಲ್ಲ ಎಂಬುದು ನಿಜ, ಅದು ನೋವಿನ ಪಾಠ. ಆದರೆ ಆ ಜಾಲವಿಲ್ಲದಿದ್ದರೆ ಸೂಚನೆ ಕೊಡುವುದಕ್ಕೂ ಆಧಾರ ಇರುತ್ತಿರಲಿಲ್ಲ. ಅಮೆರಿಕದ ಕೊಲರಾಡೊದಲ್ಲಿ 1997ರಲ್ಲಿ ಫೋರ್ಟ್ ಕಾಲಿನ್ಸ್ ಎಂಬ ಪಟ್ಟಣದ ಒಂದು ಬದಿಗೆ ಮೂವತ್ತೈದು ಸೆಂಟಿಮೀಟರಿಗೂ ಹೆಚ್ಚು ಮಳೆ ಬಿದ್ದು, ಕೆಲವೇ ಕಿಲೋಮೀಟರ್ ಆಚೆ ಐದು ಸೆಂಟಿಮೀಟರಿನ ಆಸುಪಾಸಿನಲ್ಲೇ ನಿಂತಿತ್ತು. ಮರುವರ್ಷ ಅಲ್ಲಿ ಶುರುವಾದ ಮನೆಯಂಗಳದ ಮಳೆ ಅಳತೆಯ ಜಾಲ ಇಂದು ದೇಶವ್ಯಾಪಿಯಾಗಿದೆ. ಅಷ್ಟು ವ್ಯತ್ಯಾಸವನ್ನು ನಾವು ಪ್ರತಿ ಮುಂಗಾರಿನಲ್ಲೂ ಕಾಣುತ್ತೇವೆ.

ನೀರಿನ ದಾರಿ ನೋಡಿದರೂ ಇದು ಎರಡು ಜಿಲ್ಲೆಗಳ ಮನೆಮಾತಿಗೆ ಸೀಮಿತವಾಗಿ ಉಳಿಯುವುದಿಲ್ಲ. ತುಂಗಾ, ಭದ್ರಾ ಗಂಗಾಮೂಲದಿಂದ ಕೃಷ್ಣೆಯ ಕಡೆಗೆ ಹೊರಡುತ್ತವೆ. ಹೇಮಾವತಿ ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟಿ ಗೊರೂರು ಜಲಾಶಯ ತುಂಬಿ ಕಾವೇರಿಗೆ ಸೇರುತ್ತದೆ. ಘಟ್ಟದ ಆಚೆಯ ಇಳಿಜಾರಿನ ಹಳ್ಳಗಳು ನೇತ್ರಾವತಿಗೆ ಇಳಿಯುತ್ತವೆ. ಮೂಡಿಗೆರೆಯ ತೋಟದ ಬೆಳಗಿನ ಅಳತೆ ಗೊರೂರಿನ ಒಳಹರಿವಿನ ಮುಂಗಡ ಸುದ್ದಿ.

ಪ್ರತಿ ಮಳೆಗಾಲದಲ್ಲಿ ಹಳೆಯ ವೀಡಿಯೊಗಳು ಹೊಸದರಂತೆ ಸುತ್ತುವ ಕಾಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಊರು, ತಾರೀಖು, ಗಂಟೆ ಇಲ್ಲದ ಚಿತ್ರವನ್ನು ಮುಂದಕ್ಕೆ ಕಳಿಸಬಾರದು, ಅಷ್ಟೇ.

ಆಗಬೇಕಾದ ಕೆಲಸ ದುಬಾರಿಯಲ್ಲ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅಲ್ಲೊಂದು ಮಳೆ ರಿಜಿಸ್ಟರು ಇಡಬಹುದು. ಊರಿನ ತೋಟದವರು, ಶಾಲೆಯವರು ಎಂಟೂವರೆಯ ಅಳತೆಯನ್ನು ವಾರಕ್ಕೊಮ್ಮೆ ತಂದು ಬರೆಸಬಹುದು. ಮಿಲಿಮೀಟರಿನದು ಒಂದು ಕಾಲಂ, ಇಂಚಿನದು ಇನ್ನೊಂದು, ಷರಾಕ್ಕೆ ಪುಟದ ಅರ್ಧದಷ್ಟು ಜಾಗ. ಮನೆಗಳ ಅಟ್ಟದಲ್ಲಿ, ತೋಟದ ಕಚೇರಿಗಳ ಬೀರುಗಳಲ್ಲಿ ಉಳಿದಿರುವ ಹಳೆಯ ಪುಸ್ತಕಗಳನ್ನು ಪುಟಪುಟವಾಗಿ ಮೊಬೈಲಿನಲ್ಲಿ ಚಿತ್ರ ತೆಗೆದು ಒಂದೆಡೆ ಸೇರಿಸುವುದು ಇನ್ನೂ ತುರ್ತಿನದು. ತೋಟಗಳು ಕೈ ಬದಲಾಗುತ್ತಿವೆ. ಹೊಸದಾಗಿ ಕೊಂಡವರಿಗೆ ಹಳೆಯ ರಿಜಿಸ್ಟರು ರದ್ದಿ. ಉಳಿದದ್ದಕ್ಕೆ ಗೆದ್ದಲಿದೆ. ಚಿತ್ರ ತೆಗೆಯುವಾಗ ಮರೆಯಬಾರದ ಒಂದು ಸಂಗತಿಯಿದೆ: ಮಾಪಕ ಎಲ್ಲಿತ್ತು, ಯಾವ ವರ್ಷ ಜಾಗ ಬದಲಾಯಿತು, ಗಾಜು ಯಾವಾಗ ಒಡೆದು ಹೊಸದು ಬಂತು ಎಂಬುದು ಪುಸ್ತಕದಲ್ಲಿ ಬಹುಮಟ್ಟಿಗೆ ಇರುವುದಿಲ್ಲ. ಅದು ಹಿಂದೆ ಅಳತೆ ಮಾಡುತ್ತಿದ್ದ ರೈಟರಿಗೆ, ಮೇಸ್ತ್ರಿಗೆ ಗೊತ್ತಿರುತ್ತದೆ. ಅವರ ಮನೆಗೆ ಹೋಗಿ, ಕೇಳಿ, ಮೊದಲ ಪುಟದಲ್ಲಿ ಅವರ ಕೈಯಿಂದಲೇ ಬರೆಸಬೇಕು.